ಖುರ್ಚಿಯ ಮಡಿ

ನಮ್ಮ ಮಮದಾಪುರದ ಹೆಸರಿನಲ್ಲಿ ಸುಲ್ತಾನ ಮಹಮ್ಮದ್ ಆದಿಲ್‌ಶಾಹ ಇದ್ದಾನೆ. ಅವನ ಕಾಲದ ಕೆರೆ ಇಂದಿಗೂ ಇದೆ. ಆ ಕೆರೆಗೆ ಮಣ್ಣು ಹೊತ್ತವರ ಹೆಸರು ಯಾರ ಬಾಯಲ್ಲೂ ಇಲ್ಲ. ಯಾರ ಹೆಸರು ಬರೆದಿದೆ ಎಂದು ಓದಿದರೆ ವಿಮರ್ಶೆ ಮುಗಿಯಲಿಲ್ಲ. ಯಾರ ಹೆಸರು ಬಿಟ್ಟಿದ್ದಾರೆ ಎಂದೂ ಕೇಳಬೇಕು. ಹಾಗಾಗಿ ಗೆಳೆಯರೇ, ಈ ಸಲ ಕಥೆ-ಕವನ ಬದಿಗಿಟ್ಟು, ವೈದ್ಯಕೀಯ ಕಾಲೇಜುಗಳ ಪ್ರಾಂಶುಪಾಲರ ಹೆಸರಿನ ಹಲಗೆಯನ್ನು ಓದೋಣ.

ಯಾವುದಾದರೂ ದೊಡ್ಡ ದವಾಖಾನಿಯೊಳಗ ಕಾಲಿಡ್ರಿ. ಕಸ ಹೊಡೆಯೋರು, ಹೊಲಸು ಬಳಿಯೋರು, ಹೆಣ ಎತ್ತೋರು ಯಾರು? ನಮ್ಮ ಕೇರಿಯ ಮಂದಿ. ಸೂಜಿ ಚುಚ್ಚುವ ನರ್ಸು, ಮನೆಮನೆ ತಿರುಗುವ ಆಶಾ ಕಾರ್ಯಕರ್ತೆ ಯಾರು? ಹೆಣ್ಣುಮಕ್ಕಳು. ಒಂದೊಂದು ಮೆಟ್ಟಿಲು ಹತ್ತಿದಂತೆ ಈ ಮುಖಗಳು ಕಡಿಮೆಯಾಗುತ್ತಾ ಹೋಗುತ್ತವೆ. ಬಿಳಿ ಕೋಟು ತೊಡಿಸಿದರೆ ವರ್ಣವ್ಯವಸ್ಥೆ ವಿಜ್ಞಾನವಾಗುತ್ತದೆಯೇ?

ಕೇಳಿದರೆ ಬರುವ ಉತ್ತರ ಒಂದೇ: ಮೆರಿಟ್. ಈ ಮಾತನ್ನು ಬಿಡಿಸಿ ನೋಡೋಣ.

1992ರ ಇಂದ್ರಾ ಸಾಹ್ನಿ ತೀರ್ಪು ಹಿಂದುಳಿದವರ ಮೀಸಲಾತಿಯನ್ನು ಎತ್ತಿಹಿಡಿಯಿತು. ಅದೇ ತೀರ್ಪು, ಪ್ರಾಧ್ಯಾಪಕ ಹುದ್ದೆಗೂ ವೈದ್ಯಕೀಯದ ಸೂಪರ್ ಸ್ಪೆಷಾಲಿಟಿ ಹುದ್ದೆಗೂ ಮೀಸಲಾತಿ ಸಲ್ಲದು ಎಂದಿತು. 2013ರಲ್ಲಿ ದಿಲ್ಲಿಯ ಏಮ್ಸ್ ಬೋಧಕರ ಸಂಘದ ಖಟ್ಲೆಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಮತ್ತೆ ಹೇಳಿತು. 2014ರಲ್ಲಿ ತೀರ್ಮಾನವನ್ನು ಸರಕಾರಕ್ಕೆ ಬಿಟ್ಟಿತು. ಇದರ ಅರ್ಥ ಏನ್ರೀ? ಬಾಗಿಲಲ್ಲಿ ನಿಲ್ಲಬಹುದು, ಪಡಸಾಲೆಗೂ ಬರಬಹುದು. ದೇವರ ಕೋಣೆಗೆ ಮಾತ್ರ ಬರಬೇಡಿ. ಅಧಿಕಾರ ಎಲ್ಲಿ ಶುರುವಾಗುತ್ತದೋ ಅಲ್ಲೇ ಮೆರಿಟ್ಟಿನ ಮಡಿಯೂ ಶುರು.

ಆ ಖುರ್ಚಿಯ ದಾರಿ ನೋಡಿ. ಎಂಬಿಬಿಎಸ್‌ಗೆ ಐದೂವರೆ ವರ್ಷ, ಸ್ನಾತಕೋತ್ತರಕ್ಕೆ ಮೂರು ವರ್ಷ. ಆಮೇಲೆ ಸಹಾಯಕ, ಸಹ, ಪೂರ್ಣ ಪ್ರಾಧ್ಯಾಪಕ. ವೈವಾ ಪರೀಕ್ಷೆಗೆ, ಪ್ರಬಂಧಕ್ಕೆ, ಬಡ್ತಿಗೆ ಪ್ರತಿ ಸಲವೂ ಮೇಲೆ ಕೂತವರ ಸಹಿ ಬೇಕು. ಹೆಣ್ಣಿಗಾದರೆ ಇವೇ ವರ್ಷಗಳು ಹೆರಿಗೆಯ ವರ್ಷಗಳು, ಕೂಸು ಸಾಕುವ ವರ್ಷಗಳು. ಆ ದುಡಿಮೆಗೆ ಸೇವಾ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಏಮ್ಸ್‌ನಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳು ಪಾಠ ಹೇಳುವವರಿಂದಲೇ ತಾರತಮ್ಯ ಉಣ್ಣುತ್ತಿದ್ದಾರೆ ಎಂದು ಸುಖದೇವ್ ಥೋರಟ್ ಸಮಿತಿ 2007ರಲ್ಲೇ ವರದಿ ಕೊಟ್ಟಿತು. ಅಳೆಯುವ ಕೋಲೇ ಸೊಟ್ಟಗಿದ್ದರೆ ಅಳತೆ ನೆಟ್ಟಗೆ ಹೇಗೆ ಬಂದೀತು?

ಹಾಗಾದರೆ ಹೆಣ್ಣು ಮೇಲೇರಿದರೆ ಸಾಕೇ? ಸಾಲದು. 2019ರ ಮೇ 22ರಂದು ಮುಂಬಯಿಯಲ್ಲಿ ಜೀವ ಕಳೆದುಕೊಂಡ ಡಾ. ಪಾಯಲ್ ತಡ್ವಿ ಆದಿವಾಸಿ ಭಿಲ್ ಸಮುದಾಯದ ಸ್ನಾತಕೋತ್ತರ ವಿದ್ಯಾರ್ಥಿನಿ. ಜಾತಿ ಎತ್ತಿ ಕಿರುಕುಳ ಕೊಟ್ಟರೆಂಬ ಆರೋಪ ಬಂದದ್ದು ಮೂವರು ಹಿರಿಯ ವೈದ್ಯೆಯರ ಮೇಲೆ. ಜಾತಿಯನ್ನು ಬಿಟ್ಟು ಹೆಣ್ಣನ್ನು ಎಣಿಸುವವರ ಲೆಕ್ಕವೂ, ಹೆಣ್ಣನ್ನು ಬಿಟ್ಟು ಜಾತಿಯನ್ನು ಎಣಿಸುವ ನಮ್ಮ ಗಂಡಸರ ಲೆಕ್ಕವೂ ಅರ್ಧವೇ.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಅಮೆರಿಕದಲ್ಲಿ 1910ರ ಫ್ಲೆಕ್ಸ್‌ನರ್ ವರದಿ 'ಗುಣಮಟ್ಟ'ದ ಮಾತು ಎತ್ತಿತು. ಆಮೇಲೆ ಕಪ್ಪು ಜನರ ಏಳು ವೈದ್ಯಕೀಯ ಕಾಲೇಜುಗಳಲ್ಲಿ ಐದು ಮುಚ್ಚಿದವು. ಉಳಿದದ್ದು ಹೊವರ್ಡ್ ಮತ್ತು ಮೆಹಾರಿ. ಕಾಲೇಜೇ ಮುಚ್ಚಿದ ಮೇಲೆ ಪ್ರಾಂಶುಪಾಲ ಎಲ್ಲಿಂದ ಹುಟ್ಟಬೇಕು?

ಈಗ ನಮ್ಮ ಜಿಲ್ಲೆಗೆ ಬರೋಣ. ವಿಜಯಪುರದಲ್ಲಿ 1984ರಲ್ಲಿ ಅಲ್-ಅಮೀನ್, 1986ರಲ್ಲಿ ಬಿಎಲ್‌ಡಿಇ ವೈದ್ಯಕೀಯ ಕಾಲೇಜು ಶುರುವಾದವು. ಎರಡೂ ಖಾಸಗಿ. ಅನುದಾನವಿಲ್ಲದ ಖಾಸಗಿ ಕಾಲೇಜಿನ ನೌಕರಿಗೆ ಮೀಸಲಾತಿಯ ಕಟ್ಟುಪಾಡಿಲ್ಲ. 2025ರಲ್ಲಿ ಜಿಲ್ಲೆಯ ಮಂದಿ ಖಾಸಗಿ ಪಾಲುದಾರಿಕೆ ಬೇಡ, ಸರಕಾರಿ ವೈದ್ಯಕೀಯ ಕಾಲೇಜೇ ಬೇಕು ಎಂದು ಧರಣಿ ಕೂತರು. ಅದನ್ನು ಬರೀ ಫೀಸಿನ, ಹಾಸಿಗೆಯ ಜಗಳ ಅಂತ ತಿಳೀಬ್ಯಾಡ್ರಿ. ಸರಕಾರಿ ಕಾಲೇಜಾದರೆ ನೇಮಕಕ್ಕೆ ರೋಸ್ಟರ್ ಇರುತ್ತದೆ, ಪ್ರಶ್ನೆ ಕೇಳಲು ಮಾಹಿತಿ ಹಕ್ಕು ಇರುತ್ತದೆ. ನಮ್ಮ ಹುಡುಗಿಯರು ಅಲ್ಲಿ ಪಾಠ ಕೇಳುವುದಷ್ಟೇ ಅಲ್ಲ, ಪಾಠ ಹೇಳುವ ದಾರಿಯೂ ಅದೇ.

ಆದ್ದರಿಂದ ಮಾಸ್ತರರೇ, ವಿದ್ಯಾರ್ಥಿ ಗೆಳೆಯರೇ, ರಾಜ್ಯದ ಒಂದೊಂದು ಸರಕಾರಿ ವೈದ್ಯಕೀಯ ಕಾಲೇಜಿಗೂ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ವಿಭಾಗ ಮುಖ್ಯಸ್ಥರು, ಪರೀಕ್ಷಕರು, ಪ್ರಾಂಶುಪಾಲರು — ಇವರಲ್ಲಿ ಪರಿಶಿಷ್ಟರೆಷ್ಟು, ಹೆಂಗಸರೆಷ್ಟು, ಪರಿಶಿಷ್ಟ ಹೆಂಗಸರೆಷ್ಟು ಎಂದು ಮೂರು ಸಾಲು ಕೇಳಿ. ಉತ್ತರ ಬಂದರೆ ಊರ ಚಾವಡಿಯಲ್ಲಿ ಓದಿ. ಸೊನ್ನೆ ಬಂದರೆ ಇನ್ನೂ ಗಟ್ಟಿಯಾಗಿ ಓದಿ.