ವಾರ್ಷಿಕೋತ್ಸವದಲ್ಲಿ ಕವಿಯ ಸ್ಥಾನ

ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡುವ ಹಾಡಿಗೆ, ಆಡುವ ನಾಟಕಕ್ಕೆ ಕೃತಿಕಾರನ ಅಪ್ಪಣೆ ಬೇಕೆ ಎಂದು ಕೇಳಿದರೆ, 'ಮಕ್ಕಳ ಆಟಕ್ಕೆ ಎಂಥ ಅಪ್ಪಣೆ!' ಎಂಬ ಉತ್ತರ ಸಿದ್ಧವಾಗಿರುತ್ತದೆ. ಉತ್ತರ ಅರ್ಧ ಸರಿ. ಉಳಿದರ್ಧದಿಂದ ನಮ್ಮ ಸಾಹಿತ್ಯಕ್ಕೆ ಆಗುತ್ತಿರುವ ಹಾನಿಯನ್ನು ಮಾತ್ರ ನಾವು ಗಮನಿಸಿದಂತಿಲ್ಲ.

1957ರ ಕೃತಿಸ್ವಾಮ್ಯ ಶಾಸನದ 52ನೆಯ ಕಲಮು ಈ ವಿಷಯದಲ್ಲಿ ಬಹಳ ಉದಾರವಾದದ್ದು. ವಿದ್ಯಾಸಂಸ್ಥೆಯ ಚಟುವಟಿಕೆಯ ಅಂಗವಾಗಿ ಅಲ್ಲಿಯ ಅಧ್ಯಾಪಕರೂ ವಿದ್ಯಾರ್ಥಿಗಳೂ ನಾಟಕವಾಡಬಹುದು, ಹಾಡಬಹುದು, ಧ್ವನಿಮುದ್ರಿಕೆಯನ್ನೂ ಕೇಳಿಸಬಹುದು. ಆದರೆ ಪ್ರೇಕ್ಷಕರು ಸಂಸ್ಥೆಯವರು, ಮಕ್ಕಳ ತಂದೆತಾಯಿ, ಪೋಷಕರು, ಸಂಸ್ಥೆಯ ಕೆಲಸದೊಡನೆ ಸಂಬಂಧವುಳ್ಳವರು, ಇಷ್ಟೇ ಮಂದಿಯಾಗಿರಬೇಕು. ಅದೇ ಶಾಸನದ 57ನೆಯ ಕಲಮನ್ನು ನಮ್ಮವರು ಓದಿದಂತೆ ಕಾಣದು. ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು, ತನ್ನ ಗೌರವಕ್ಕೆ ಕುಂದು ಬರುವಂತೆ ಅದನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕು, ಇವೆರಡೂ ಸ್ವಾಮ್ಯವನ್ನು ಮಾರಿಬಿಟ್ಟ ಮೇಲೂ ಕರ್ತೃವಿನಲ್ಲೇ ಉಳಿಯುತ್ತವೆ ಎನ್ನುತ್ತದೆ ಅದು. ಕಾಸು ಕೊಡಬೇಕಾಗಿಲ್ಲವೆಂದ ಮಾತ್ರಕ್ಕೆ ಹೆಸರನ್ನೂ ಹೇಳಬೇಕಾಗಿಲ್ಲವೆಂದು ನಾವು ತಿಳಿದುಕೊಂಡಿದ್ದೇವೆ. ಆಮಂತ್ರಣ ಪತ್ರಿಕೆಯಲ್ಲಿ ದಾನಿಗಳ ಹೆಸರಿರುತ್ತದೆ, ಧ್ವನಿವರ್ಧಕದವನ ಹೆಸರೂ ಇರುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ರೂಪಕವಾಗಿ ಆಡಿದರು. ಇಲಿಗಳ ವೇಷ ಸೊಗಸಾಗಿತ್ತು, ಮಕ್ಕಳು ಚೆನ್ನಾಗಿ ಕುಣಿದರು. ಆದರೆ ಕೊನೆಗೆ ಗೌಡ ಕ್ಷಮೆ ಬೇಡಿದ, ಜೋಗಿ ಮಕ್ಕಳನ್ನು ಹಿಂದಕ್ಕೆ ಕರೆತಂದ, ಎಲ್ಲರೂ ಸೇರಿ ಒಂದು ಸಿನಿಮಾ ಹಾಡಿಗೆ ಹೆಜ್ಜೆ ಹಾಕಿದರು! ಬ್ರೌನಿಂಗನ ಪದ್ಯವನ್ನು ಕುವೆಂಪು ಕನ್ನಡದ ಹಳ್ಳಿಗೆ ತಂದಾಗ ಅದರ ಕಠೋರತೆಯನ್ನು ಬಿಟ್ಟುಬರಲಿಲ್ಲ. ಮಾತಿಗೆ ತಪ್ಪಿದ ಊರು ತನ್ನ ಮಕ್ಕಳನ್ನೇ ಕಳೆದುಕೊಳ್ಳುತ್ತದೆ. ಇಷ್ಟು ದೊಡ್ಡ ಸತ್ಯವನ್ನು ಮಕ್ಕಳು ತಾಳಬಲ್ಲರೆಂದು ಕವಿ ನಂಬಿದ್ದರು; ಶಾಲೆ ನಂಬಲಿಲ್ಲ. ಅಲ್ಲದೆ ಇದು ಕಿಂದರಿ ನುಡಿಸಿದವನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸದೆ ಹೋದವರ ಕಥೆ. ಅದನ್ನೇ ಕವಿಯ ಹೆಸರೆತ್ತದೆ ಆಡಿದರಲ್ಲಾ ಎಂದು ನಗುವುದೋ ಅಳುವುದೋ ತಿಳಿಯಲಿಲ್ಲ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಕರ್ತೃವಿನ ಮರಣಾನಂತರ 60 ವರ್ಷವೆಂಬ ಲೆಕ್ಕದಂತೆ 2054ರ ಕೊನೆಯವರೆಗೆ ಆ ಪದ್ಯಕ್ಕೆ ಸ್ವಾಮ್ಯವಿದೆ.

ಕೈಲಾಸಂ ವಿಷಯ ಬೇರೆ. 1946ರಲ್ಲಿ ತೀರಿಕೊಂಡ ಅವರ 'ಟೊಳ್ಳುಗಟ್ಟಿ'ಯ ಸ್ವಾಮ್ಯ 2006ಕ್ಕೆ ಮುಗಿಯಿತು. ಯಾರು ಬೇಕಾದರೂ ಆಡಬಹುದು. ಆದರೂ ಅವರ ಬೆರಕೆ ಮಾತನ್ನು 'ಶುದ್ಧ ಕನ್ನಡ'ಕ್ಕೆ ತಿದ್ದುವ ಮೇಷ್ಟರನ್ನು ಕಂಡರೆ, ಗಟ್ಟಿಯನ್ನೇ ಟೊಳ್ಳು ಮಾಡುವ ಈ ಶ್ರಮ ಏತಕ್ಕೆ ಎನಿಸುತ್ತದೆ.

ಹಾಡಿನಲ್ಲಿ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. ಶಾಸನದ ದೃಷ್ಟಿಯಲ್ಲಿ ಸಾಹಿತ್ಯ ಒಂದು ಕೃತಿ, ಧಾಟಿ ಮತ್ತೊಂದು, ಮುದ್ರಿಕೆ ಮೂರನೆಯದು. ದಿನವೂ ಶಾಲೆಗಳಲ್ಲಿ ಹಾಡುವ ನಾಡಗೀತೆಯನ್ನೇ ನೋಡಿ: ಮಾತು ಕುವೆಂಪು ಅವರದು, 2022ರಲ್ಲಿ ಸರ್ಕಾರ ಗೊತ್ತುಮಾಡಿದ ಧಾಟಿ ಮೈಸೂರು ಅನಂತಸ್ವಾಮಿಯವರದು. ಯಾರ ಧಾಟಿಯೆಂದು ವರ್ಷಗಟ್ಟಲೆ ವಾದ ನಡೆದ ಈ ನಾಡಿನಲ್ಲಿ, ಹಾಡುವ ಮಗುವಿಗೆ ಆ ಎರಡನೆಯ ಹೆಸರು ತಿಳಿದಿರುವುದು ಅಪರೂಪ.

ಈಗ ಇನ್ನೊಂದು ಸಂಗತಿ ಸೇರಿದೆ. ಸಮಾರಂಭ ಮುಗಿಯುವ ಮೊದಲೇ ಅದರ ಚಿತ್ರಣ ಯೂಟ್ಯೂಬನ್ನು ಸೇರಿರುತ್ತದೆ. ಅಂಗಳದೊಳಗಿನ ಪ್ರೇಕ್ಷಕರಿಗೆಂದು ಕೊಟ್ಟ ವಿನಾಯಿತಿ ಅಂಗಳದಾಚೆಗೆ ಬಾರದು. ಅಲ್ಲಿ ಅಪ್ಪಣೆ ಬೇಕು. ಕವಿಯ ಮನೆಯವರಿಗೋ ಪ್ರಕಾಶಕರಿಗೋ ಬರೆಯಬೇಕು, ಧಾಟಿ ಹಾಕಿದವರನ್ನು ಕೇಳಬೇಕು, ಸಿನಿಮಾ ಹಾಡಾದರೆ ಮುದ್ರಿಕೆಯ ಕಂಪನಿಯನ್ನೂ ಕೇಳಬೇಕು. ನಾಲ್ಕು ಸಾಲಿನ ಕಾಗದದಲ್ಲಿ ಯಾವ ಕೃತಿ, ಎಷ್ಟು ಭಾಗ, ಏನನ್ನು ಬಿಟ್ಟಿದ್ದೇವೆ ಎಂದು ತಿಳಿಸಿದರೆ ಸಾಕು. ಅದನ್ನು ಬರೆಯುವ ಕೆಲಸವನ್ನು ಕನ್ನಡ ಅಧ್ಯಾಪಕರು ಹತ್ತನೆಯ ತರಗತಿಯ ಹುಡುಗರಿಗೇ ಒಪ್ಪಿಸಬಹುದು. ಪತ್ರಲೇಖನ ಹೇಗೂ ಪಾಠದಲ್ಲಿದೆ.