ತಿಳಿಯದ್ದೆಲ್ಲ ಹಾರುವ ತಟ್ಟೆಯಲ್ಲ

2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನಲ್ಲಿ ಭಾರಿ ಸದ್ದೊಂದು ಕೇಳಿಸಿ ಕಿಟಕಿಗಳು ಅದುರಿದವು. ಕೆಲವರು ಭೂಕಂಪವೆಂದರು, ಕೆಲವರು ಅನ್ಯಗ್ರಹ ಜೀವಿಗಳೆಂದರು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಭೂಕಂಪಮಾಪಕಗಳಲ್ಲಿ ಕಂಪನ ದಾಖಲಾಗಿರಲಿಲ್ಲ. ಸಂಜೆ ರಕ್ಷಣಾ ಇಲಾಖೆ ವಿವರಣೆ ನೀಡಿತು: ವಾಯುಪಡೆಯ ಪರೀಕ್ಷಾ ವಿಮಾನವೊಂದು 36ರಿಂದ 40 ಸಾವಿರ ಅಡಿ ಎತ್ತರದಲ್ಲಿ ಶಬ್ದಾತೀತ ವೇಗದಿಂದ ಕೆಳಗಿಳಿಯುವಾಗ ಈ ಸದ್ದು ಹುಟ್ಟಿರಬಹುದು, ಇಂಥದ್ದು 65ರಿಂದ 80 ಕಿ.ಮೀ. ದೂರಕ್ಕೂ ಕೇಳಿಸುತ್ತದೆ.

‘ಹಾಗಾದರೆ ವಿಮಾನವೇಕೆ ಕಾಣಲಿಲ್ಲ? ಏನನ್ನೋ ಮುಚ್ಚಿಡುತ್ತಿದ್ದಾರೆ’ ಎಂಬ ಸಂಶಯ ಸಹಜ. ಉತ್ತರವಿರುವುದು ಒಂದು ಭಾಗಾಕಾರದಲ್ಲಿ. ಶಬ್ದ ಒಂದು ಕಿ.ಮೀ. ಸಾಗಲು ಸುಮಾರು 3 ಸೆಕೆಂಡು ಬೇಕು. ಬನಶಂಕರಿಯಲ್ಲಿ ನಿಂತು 5 ಕಿ.ಮೀ. ಆಚೆ ಬಾದಾಮಿ ಗುಡ್ಡದ ಮೇಲೆ ಮಿಂಚು ಕಂಡವರು ಗುಡುಗಿಗೆ 15 ಸೆಕೆಂಡು ಕಾಯಬೇಕು. 65 ಕಿ.ಮೀ. ದೂರದ ಸದ್ದಿಗೆ 3 ನಿಮಿಷಕ್ಕೂ ಹೆಚ್ಚು. ನಾವು ತಲೆಯೆತ್ತುವಷ್ಟರಲ್ಲಿ ವಿಮಾನ ಎಲ್ಲಿಗೋ ಹೋಗಿರುತ್ತದೆ.

ವಿವರಣೆ ಗಂಟೆಗಟ್ಟಲೆ ತಡವಾದದ್ದು ಸರ್ಕಾರದ ತಪ್ಪು. ಮೌನದಲ್ಲಿ ವದಂತಿ ಬೆಳೆಯುತ್ತದೆ. ಆದರೆ ಕಡತ ತೆರೆದ ಮಾತ್ರಕ್ಕೆ ವದಂತಿ ಸಾಯುವುದಿಲ್ಲ. 2021ರ ಜೂನ್‌ನಲ್ಲಿ ಅಮೆರಿಕ ಪ್ರಕಟಿಸಿದ ವರದಿಯಲ್ಲಿ 144 ಪ್ರಕರಣಗಳಿದ್ದವು. ಖಚಿತವಾಗಿ ಗುರುತಿಸಿದ್ದು ಒಂದನ್ನೇ. ಅದು ಗಾಳಿ ಹೋಗುತ್ತಿದ್ದ ಬಲೂನು. ಉಳಿದ 143ರಲ್ಲಿ ಹಲವರು ಅನ್ಯಗ್ರಹ ಜೀವಿಗಳನ್ನೇ ಕಂಡರು. ‘ಗುರುತಿಸಲಾಗಿಲ್ಲ’ ಎಂದರೆ ಮಾಹಿತಿ ಸಾಲದು ಎಂದರ್ಥ, ಅಷ್ಟೇ.

ಶಿಕ್ಷಕರು ಇಂಥ ಸುದ್ದಿಯನ್ನು ತರಗತಿಗೆ ತರಲಿ. ನಗೆಯಾಡದೆ, ಮೊದಲು ದೂರ, ದಿಕ್ಕು, ಸಮಯ ಕೇಳಲಿ. ಮಕ್ಕಳೇ ಭಾಗಿಸಿ ನೋಡಲಿ.