ಎಣ್ಣೆ ತೊಟ್ಟೆಯ ಬೆನ್ನಬರಹ: ಒಂದು ವ್ಯಾಖ್ಯಾನ

ಮಂಗಳೂರಿನ ಬಲ್ಮಠದ ದಿನಸಿ ಅಂಗಡಿಗಳಲ್ಲಿ ದೊರೆಯುವ ತೆಂಗಿನೆಣ್ಣೆಯ ತೊಟ್ಟೆ, ಅರ್ಥಾತ್ ಪ್ಲಾಸ್ಟಿಕ್ ಪೊಟ್ಟಣ, ತನ್ನ ಬೆನ್ನ ಮೇಲೆ ಪೋಷಕಾಂಶಗಳ ಪಟ್ಟಿಯನ್ನು ಹೊತ್ತಿರುತ್ತದೆ. ಅಡುಗೆಯ ಎಣ್ಣೆಗೂ ಡಿಮೆನ್ಷಿಯವೆಂಬ ಮುಪ್ಪಿನ ಮರೆವಿನ ರೋಗಕ್ಕೂ ಇರುವ ನಂಟು ಆ ಕಿರುಸಾಲುಗಳಲ್ಲಿ ಅಡಗಿರುವುದರಿಂದ ಅವನ್ನು ಒಂದೊಂದಾಗಿ ಬಿಡಿಸತಕ್ಕದ್ದು.

‘ಒಟ್ಟು ಕೊಬ್ಬು 100 ಗ್ರಾಂ.’ ನೂರಕ್ಕೆ ನೂರೂ ಕೊಬ್ಬೇ, ಬೇರೇನೂ ಬೆರೆತಿಲ್ಲ ಎಂದು ತಾತ್ಪರ್ಯ. ಇದರಿಂದ ಅಂಜಬೇಕಿಲ್ಲ. ನೀರನ್ನು ಕಳೆದು ತೂಗಿದರೆ ಮಿದುಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕೊಬ್ಬೇ ಇದೆ. ನರತಂತುಗಳ ಹೊದಿಕೆಯಾದ ಮಯಲಿನ್ ಬಹುಪಾಲು ಅದರಿಂದಲೇ ಆದದ್ದು. ಆದಕಾರಣ ‘ಎಷ್ಟು’ ಎಂಬ ಪ್ರಶ್ನೆಯ ಬೆನ್ನಿಗೇ ‘ಯಾವ ಬಗೆಯದು’ ಎಂದೂ ಕೇಳಬೇಕು.

‘ಪರ್ಯಾಪ್ತ ಕೊಬ್ಬು’, ಅಂದರೆ ಸ್ಯಾಚುರೇಟೆಡ್ ಫ್ಯಾಟ್, ಸುಮಾರು 90 ಗ್ರಾಂ. ಇಂಗಾಲದ ಸರಪಳಿಯಲ್ಲಿ ಎಡೆಯಿರುವಲ್ಲೆಲ್ಲ ಜಲಜನಕ ತುಂಬಿಕೊಂಡಿರುವುದೇ ಪರ್ಯಾಪ್ತತೆ. ಧನುರ್ಮಾಸದ ಮುಂಜಾನೆ ಬಾಟಲಿಯ ಎಣ್ಣೆ ಹೆಪ್ಪುಗಟ್ಟುವುದು ಇದರಿಂದಲೇ. ಷಿಕಾಗೊದ ವೃದ್ಧರನ್ನು ಕುರಿತು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಕೊಬ್ಬನ್ನು ಹೆಚ್ಚು ಉಂಡವರಲ್ಲಿ ಮರೆವಿನ ರೋಗದ ಮುಖ್ಯ ಬಗೆಯಾದ ಆಲ್‌ಝೈಮರ್ ಹೆಚ್ಚಾಗಿ ಕಂಡಿತೆಂದಿತು. ಮುಂದಿನ ಅಧ್ಯಯನಗಳೆಲ್ಲ ಅದನ್ನೇ ನುಡಿಯಲಿಲ್ಲ. ಇಲ್ಲಿ ಶಂಕೆ: ತೆಂಗಿನೆಣ್ಣೆ, ಕೊಬ್ಬು ಒಡೆದಾಗ ಹುಟ್ಟುವ ಇಂಧನವಾದ ಕೀಟೋನುಗಳನ್ನು ಕೊಟ್ಟು ಸೊರಗಿದ ಮಿದುಳನ್ನು ಪೋಷಿಸುವುದಿಲ್ಲವೆ? ಸಮಾಧಾನ: ಸಲೀಸಾಗಿ ಕೀಟೋನಾಗುವುದು ಎಂಟು, ಹತ್ತು ಇಂಗಾಲಗಳ ಕಿರುಸರಪಳಿ, ಅದು ಈ ಎಣ್ಣೆಯಲ್ಲಿ ಅಲ್ಪ. ಅರ್ಧದಷ್ಟಿರುವ ಲಾರಿಕ್ ಆಮ್ಲದ ನಡೆ ಬಹುಮಟ್ಟಿಗೆ ಉದ್ದ ಸರಪಳಿಯದೇ. ಔಷಧವೆಂದು ಚಮಚದಲ್ಲಿ ಕುಡಿಸಲು ಆಧಾರ ಸಾಲದು.

‘ಟ್ರಾನ್ಸ್ ಕೊಬ್ಬು 0.’ ಸಸ್ಯದ ಎಣ್ಣೆಗೆ ಜಲಜನಕವನ್ನು ಅರ್ಧಂಬರ್ಧ ಸೇರಿಸಿ ಗಟ್ಟಿಮಾಡುವಾಗ ಹುಟ್ಟುವ ಕೊಬ್ಬಿದು. ಹಳೆಯ ವನಸ್ಪತಿಯಲ್ಲಿ ಧಾರಾಳವಾಗಿತ್ತು. ಜಪಾನಿನ ಹಿಸಯಾಮಾ ಊರಿನ ಅಧ್ಯಯನ (2019) ರಕ್ತದಲ್ಲಿ ಇದರ ಗುರುತು ಹೆಚ್ಚಿದ್ದವರಲ್ಲಿ ಡಿಮೆನ್ಷಿಯ ಹೆಚ್ಚೆಂದು ಕಂಡಿತು. ಭಾರತದಲ್ಲಿ 2022ರಿಂದ ಇದರ ಮಿತಿ ಶೇ. 2. ಈ ಸೊನ್ನೆ ತೊಟ್ಟೆಯೊಳಗಿನ ಎಣ್ಣೆಯದು. ಪೋಡಿ ಕರಿದು ಕರಿದು ಕಪ್ಪಾದ ಬಾಣಲೆಯದಲ್ಲ.

‘ಕೊಲೆಸ್ಟರಾಲ್ 0.’ ಬಹುಮಂದಿ ನೆಚ್ಚುವ ಸಾಲಿದು, ಆದ್ದರಿಂದ ಇಲ್ಲಿ ತುಸು ನಿಲ್ಲತಕ್ಕದ್ದು. ಕೊಲೆಸ್ಟರಾಲ್ ಪ್ರಾಣಿಜನ್ಯ, ತೆಂಗಿನಲ್ಲಿ ಅದು ಇಲ್ಲವೆಂಬುದು ದಿಟ. ಆದರೆ ನಮ್ಮ ಯಕೃತ್ತು, ಎಂದರೆ ಪಿತ್ತಜನಕಾಂಗ, ಅದನ್ನು ತಾನೇ ತಯಾರಿಸುತ್ತದೆ. ಪರ್ಯಾಪ್ತ ಕೊಬ್ಬು ಹೆಚ್ಚಾದಾಗ ರಕ್ತದಿಂದ ಕೊಲೆಸ್ಟರಾಲ್ ಹೊರುವ ಎಲ್‌ಡಿಎಲ್ ಕಣಗಳನ್ನು ಹಿಂದಕ್ಕೆಳೆದುಕೊಳ್ಳುವ ಯಕೃತ್ತಿನ ಕೆಲಸ ಕುಗ್ಗುತ್ತದೆ, ರಕ್ತದಲ್ಲಿ ಎಲ್‌ಡಿಎಲ್ ಏರುತ್ತದೆ. ನಡುವಯಸ್ಸಿನ ಅಧಿಕ ಎಲ್‌ಡಿಎಲ್ ಅನ್ನು ಲ್ಯಾನ್ಸೆಟ್ ಆಯೋಗ 2024ರಲ್ಲಿ ಡಿಮೆನ್ಷಿಯದ ತಡೆಯಬಲ್ಲ ಕಾರಣಗಳ ಪಟ್ಟಿಗೆ ಸೇರಿಸಿತು. ಆದ್ದರಿಂದ ಈ ಸೊನ್ನೆಯನ್ನು ಮೇಲಿನ ತೊಂಬತ್ತರೊಡನೆ ಕೂಡಿಸಿಯೇ ಓದಬೇಕು, ಬಿಡಿಯಾಗಿ ಅಲ್ಲ.

‘ಬಹು ಅಪರ್ಯಾಪ್ತ ಕೊಬ್ಬು’ ಎರಡು ಗ್ರಾಮಿನ ಆಸುಪಾಸು. ಅದರಲ್ಲಿ ಒಮೆಗಾ-3 ಇಲ್ಲವೆನ್ನುವಷ್ಟು. ಮಿದುಳಿನ ಕೋಶಪೊರೆಗಳಿಗೆ ಬೇಕಾದ ಡಿಎಚ್‌ಎ ಎಂಬ ಒಮೆಗಾ-3 ಮಂಗಳೂರಿನ ದಕ್ಕೆಗೆ ಬರುವ ಬೂತಾಯಿ, ಬಂಗುಡೆಗಳಲ್ಲಿದೆ. ರೋಗ ಹತ್ತಿದವರಿಗೆ ಡಿಎಚ್‌ಎಯನ್ನು ಒಂದೂವರೆ ವರ್ಷ ಕೊಟ್ಟು ನೋಡಿದ 2010ರ ಪರೀಕ್ಷೆಯಲ್ಲಿ ಮರೆವಿನ ಓಟ ನಿಧಾನಿಸಲಿಲ್ಲ. ಆದ್ದರಿಂದ ಮೀನನ್ನು ಚಿಕಿತ್ಸೆಯೆನ್ನದೆ ಎಳವೆಯಿಂದಲೇ ಬರುವ ಊಟವೆಂದು ತಿಳಿಯತಕ್ಕದ್ದು. ಮೀನು ತಿನ್ನದ ಮನೆಗಳಿಗೆ ಅಗಸೆಬೀಜ, ಅಕ್ರೋಟುಗಳುಂಟು. ಅವುಗಳ ಒಮೆಗಾ-3ರಲ್ಲಿ ಅಲ್ಪಾಂಶವನ್ನು ಮಾತ್ರ ದೇಹ ಡಿಎಚ್‌ಎ ಆಗಿ ಮಾರ್ಪಡಿಸಬಲ್ಲದು.